ಆವಿ ಮಾವ ಮತ್ತು ಬೆವರುವ ತಟ್ಟೆಗಳು

ಅಣಬೆ ಸೊಸೆಯ ತಟ್ಟೆಗಳು ಮೂರನೆಯ ಸಲ ಹಾಳಾದ ದಿನ ನಾನು ಅವರ ಮನೆಗೆ ಹೋಗಿದ್ದು ಅಂಗಿಯ ಅಳತೆ ತೆಗೆದುಕೊಳ್ಳಲು. ಅಳತೆಪಟ್ಟಿ ಕುತ್ತಿಗೆಗೆ ಹಾಕಿಕೊಂಡು ಒಳಗೆ ಕಾಲಿಟ್ಟರೆ, ಅವಳು ಅಡುಗೆಮನೆಯ ಕಟ್ಟೆಯ ಮುಂದೆ ಕೈಕಟ್ಟಿಕೊಂಡು ನಿಂತಿದ್ದಳು. ಕಟ್ಟೆಯ ಮೇಲೆ ಸಾಲಾಗಿ ಹನ್ನೆರಡು ಗಾಜಿನ ತಟ್ಟೆ. ಅಂಗೈಯಗಲದವು, ಒಂದೊಂದಕ್ಕೂ ಗಾಜಿನದೇ ಮುಚ್ಚಳ. ಲ್ಯಾಬಿನವರು ಪೆಟ್ರಿ ತಟ್ಟೆ ಎನ್ನುತ್ತಾರಲ್ಲ, ಅವು. ಎಲ್ಲ ಮುಚ್ಚಳಗಳ ಒಳಮೈಯಲ್ಲೂ ನೀರಿನ ಹನಿ ಕಟ್ಟಿತ್ತು. ಕೆಳಗೆ, ಬಿಳಿ ಎಳೆ ಹಬ್ಬಬೇಕಾದ ಜಾಗದಲ್ಲಿ, ಒಂದು ಕಡೆ ಹಳದಿ ಲೋಳೆ, ಇನ್ನೊಂದು ಕಡೆ ಹಸಿರು ಬೂಷ್ಟು.

"ಅಕ್ಕ, ಇದೂ ಹೋಯ್ತು" ಅಂದಳು. ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳಲು ಬರುತ್ತಿತ್ತು. ಸುಮ್ಮನೆ ನಿಂತವರಿಗೆ ಏನು ಹೇಳುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಎದುರುಮನೆಯ ಹೊಲಿಗೆಯವಳು. ನನ್ನ ಮೆಷಿನ್ನು ಕಿಟಕಿಗೆ ಮುಖ ಮಾಡಿದೆ, ಹಾಗಾಗಿ ನಮ್ಮ ಓಣಿಯ ಸುದ್ದಿ ನನ್ನ ಕಣ್ಣು ತಪ್ಪಿಸಿ ಹೋಗುವುದು ಕಡಿಮೆ. ಎಲ್ಲರ ಮನೆಗೂ ಮೂಗು ತೂರಿಸುತ್ತಾಳೆ ಎನ್ನುವವರಿದ್ದಾರೆ. ತೂರಿಸುತ್ತೇನೆ, ಸುಳ್ಳಲ್ಲ. ಈ ಸಲ ಅದರಿಂದ ಒಳ್ಳೆಯದೇ ಆಯಿತು, ಅದಕ್ಕೇ ನಮ್ಮ ಓಣಿಯ ಸ್ವಸಹಾಯ ಸಂಘದವರು ಈ ಕಥೆಯನ್ನು ನೀನೇ ಬರೆ ಎಂದು ನನ್ನ ತಲೆಗೆ ಕಟ್ಟಿದ್ದಾರೆ.

ಅವಳನ್ನು ಓಣಿಯಲ್ಲಿ ಎಲ್ಲರೂ ಕರೆಯುವುದು ಅಣಬೆ ಸೊಸೆ ಎಂದೇ. ಅಣಬೆಗೆ ಕೈ ಹಾಕುವ ಮುಂಚೆ ಆರು ವರ್ಷ ಅವಳು ತರಕಾರಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ, ಶೀತಲ ಕೋಣೆಯೊಳಗೆ ನಿಂತು ದುಡಿದವಳು. ಎರಡು ಜೊತೆ ಕಾಲುಚೀಲ, ದಪ್ಪ ಕೈಗವಸು. ಆದರೂ ಸಂಜೆ ಮನೆಗೆ ಬಂದಾಗ ಬಾಗಿಲ ಚಿಲಕ ತೆಗೆಯಲು ಅವಳ ಬೆರಳು ಬಗ್ಗುತ್ತಿರಲಿಲ್ಲ. ಗುಂಡಿ ಹಾಕಿಕೊಳ್ಳಲಾಗುವುದಿಲ್ಲ ಎಂದು ಅಂಗಿಗಳಿಗೆಲ್ಲ ನನ್ನಿಂದ ಒತ್ತುಗುಂಡಿ ಹಾಕಿಸಿಕೊಂಡಿದ್ದಳು. ಆಮೇಲೆ ಕೆಲಸ ಬಿಟ್ಟು, ಮನೆಯ ಮೇಲಿನ ಕೋಣೆಯಲ್ಲಿ ಹುಲ್ಲು ತುಂಬಿದ ಚೀಲ ನೇತುಹಾಕಿ ಚಿಪ್ಪಣಬೆ ಬೆಳೆಯಲು ಶುರು ಮಾಡಿದಳು. ಎರಡು ವರ್ಷದಲ್ಲಿ ಬೆರಳಿನ ಊತ ಇಳಿಯಿತು. ಒತ್ತುಗುಂಡಿ ಕಿತ್ತು ಮಾಮೂಲಿ ಗುಂಡಿ ಹಾಕಿಕೊಡು ಎಂದು ಅವಳು ಬಂದ ದಿನ ನಾನು ಕೂಲಿ ತೆಗೆದುಕೊಳ್ಳಲಿಲ್ಲ.

ಅವಳ ಅಣಬೆಯ ತಳಿ ಬೇರೆಯವರದರಂತಲ್ಲ. ಬೇಸಿಗೆಯಲ್ಲಿ ಆ ಮೇಲಿನ ಕೋಣೆ ಕಾದ ಬಾಣಲೆಯಂತಾದರೂ ಅದು ಬಾಡದೆ ನಿಲ್ಲುತ್ತದೆ. ನಮ್ಮ ಸಂಘದ ಇನ್ನೂ ಆರು ಜನ ಅವಳನ್ನು ನೋಡಿ ಅದನ್ನೇ ಬೆಳೆಯುತ್ತಿದ್ದರು. ಅದರ ಬೀಜ ಕೊಡುತ್ತಿದ್ದ ಕೇಂದ್ರ ಈ ವರ್ಷ ಬಾಗಿಲು ಹಾಕಿತು. ಬೇರೆ ಕಡೆಯಿಂದ ತರಿಸಿದ ಬೀಜ ಬಿಸಿಲಿಗೆ ತಡೆಯಲಿಲ್ಲ. ಆರೂ ಜನರ ಹಳೆಯ ಚೀಲಗಳು ಮುಗಿದವು. ಆ ತಳಿ ಜೀವಂತ ಉಳಿದಿದ್ದು ಅಣಬೆ ಸೊಸೆಯ ಕೋಣೆಯಲ್ಲಿದ್ದ ಕೊನೆಯ ಕೆಲವು ಚೀಲಗಳಲ್ಲಿ ಮಾತ್ರ. ಉಳಿಸಿಕೊಳ್ಳಬೇಕೆಂದರೆ ಬೀಜವನ್ನು ತಾನೇ ಮಾಡಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಮಾಡುವ ಬಗೆಯನ್ನು ಅವಳು ಹಿಂದೊಮ್ಮೆ ತರಬೇತಿಯಲ್ಲಿ ಕಲಿತಿದ್ದಳು. ಆಲೂಗಡ್ಡೆ ಬೇಯಿಸಿದ ನೀರಿಗೆ ಸ್ವಲ್ಪ ಸಕ್ಕರೆ, ಸ್ವಲ್ಪ ಅಗರ್ ಪುಡಿ. ಅಗರ್ ಎಂದರೆ ಕಡಲಪಾಚಿಯಿಂದ ತೆಗೆದದ್ದು. ಬಿಸಿಯಿರುವಾಗ ನೀರಾಗಿರುತ್ತದೆ, ಆರಿದರೆ ಹೆಪ್ಪುಗಟ್ಟುತ್ತದೆ. ಇದನ್ನು ಬಾಟಲಿಗೆ ತುಂಬಿ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿದರೆ ಒಳಗಿರುವ ಸೂಕ್ಷ್ಮಜೀವಿಗಳೆಲ್ಲ ಸಾಯುತ್ತವೆ. ಆಮೇಲೆ ತಟ್ಟೆಗಳಿಗೆ ಸುರಿದು, ಗಟ್ಟಿಯಾದ ಮೇಲೆ ನಡುವೆ ಅಣಬೆಯ ಒಳತಿರುಳಿನ ಒಂದು ಚೂರು ಇಡುವುದು. ವಾರದಲ್ಲಿ ಅದರಿಂದ ಬಿಳಿ ಎಳೆ ಹಬ್ಬುತ್ತದೆ. ಆ ಎಳೆಯನ್ನು ಬೇಯಿಸಿದ ಕಾಳಿಗೆ ಸೇರಿಸಿ ಬೆಳೆಸಿದರೆ ಅಣಬೆ ಬೀಜ ತಯಾರು. ಓದುವುದಕ್ಕೆ ಎಷ್ಟು ಸುಲಭ ನೋಡಿ. ಅವಳು ಮೂರು ಸಲ ಮಾಡಿದಳು, ಮೂರು ಸಲವೂ ತಟ್ಟೆ ಬೆವರಿತು, ಬೆವರಿದ ತಟ್ಟೆ ಕೊಳೆಯಿತು.

ಅಷ್ಟರಲ್ಲಿ ಕಾರ್ಖಾನೆಯ ಮೇಲ್ವಿಚಾರಕಿ ಹೇಳಿ ಕಳುಹಿಸಿದ್ದಳು. ಶೀತಲ ಕೋಣೆಯಲ್ಲಿ ಒಂದು ಜಾಗ ಖಾಲಿಯಿದೆ, ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದು. ಅಣಬೆ ಸೊಸೆ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ತಳಿ ಹೋದರೆ ಬೇರೆ ಗತಿಯಿಲ್ಲ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಇನ್ನು ಮಾವ. ಅವಳ ಗಂಡನ ಅಪ್ಪ, ಓಣಿಗೆಲ್ಲ ಆವಿ ಮಾವ. ಮೂವತ್ತೊಂದು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಲಕರಣೆ ಕುದಿಸುವ ಕೋಣೆ ನೋಡಿಕೊಂಡವರು. ಕತ್ತರಿ, ಚಿಮಟ, ಸೂಜಿ ಎಲ್ಲವನ್ನೂ ಕುದಿಯುವ ನೀರಿನಿಂದ ಎತ್ತಿ, ಬಿಸಿ ಆರುವುದರೊಳಗೆ ಡಾಕ್ಟರ ಕೈಗೆ ತಲುಪಿಸಬೇಕು ಎಂಬುದು ಅವರು ಕೆಲಸಕ್ಕೆ ಸೇರಿದ ಕಾಲದ ಕಟ್ಟಳೆ. ಅದು ಅವರ ಮೈಗೆ ಅಂಟಿಬಿಟ್ಟಿದೆ. ನಿವೃತ್ತರಾದ ಮೇಲೂ ಚಮಚ ಕುದಿಸುತ್ತಾರೆ, ಬಾಚಣಿಗೆ ಕುದಿಸುತ್ತಾರೆ. ಒಮ್ಮೆ ಮಗನ ಕನ್ನಡಕದ ಪ್ಲಾಸ್ಟಿಕ್ ಡಬ್ಬಿ ಕುದಿಸಿ, ಅದು ಸೊಟ್ಟಗಾಗಿ ಮತ್ತೆ ಮುಚ್ಚಲೇ ಇಲ್ಲ. ನನ್ನ ಕತ್ತರಿಯನ್ನೂ ಕೊಡು ಎಂದು ಕೇಳಿದ್ದರು. ನಾನು ಕೊಡಲಿಲ್ಲ.

ಸೊಸೆ ತಟ್ಟೆಯ ಕೆಲಸ ಹಿಡಿದಾಗ ಮಾವನನ್ನು ನೋಡಬೇಕಿತ್ತು. ಆಸ್ಪತ್ರೆಯವರೇ ಮತ್ತೆ ಡ್ಯೂಟಿಗೆ ಕರೆದಷ್ಟು ಸಂಭ್ರಮ. ಕುಕ್ಕರ್ ಅವರ ಕೈಗೆ ಹೋಯಿತು, ಗಡಿಯಾರ ನೋಡುವುದೂ ಅವರ ಪಾಲಿಗೆ ಬಂತು. ಕುಕ್ಕರಿನ ಆವಿ ಇಳಿದ ಕೂಡಲೇ ಬಾಟಲಿಯನ್ನು ಬಟ್ಟೆಯಲ್ಲಿ ಹಿಡಿದು ಸೊಸೆಗೆ ಕೊಡುತ್ತಿದ್ದರು. ಸ್ವಲ್ಪ ಆರಲಿ ಎಂದು ತರಬೇತಿಯಲ್ಲಿ ಯಾರೋ ಹೇಳಿದ್ದು ಅವಳಿಗೆ ಮಸುಕಾಗಿ ನೆನಪಿತ್ತು. ಒಂದು ಸಲ ಬಾಯಿಬಿಟ್ಟೂ ಹೇಳಿದಳಂತೆ. ಅದಕ್ಕೆ ಮಾವ ಕೊಟ್ಟ ಉತ್ತರ ಹೀಗಿತ್ತು:

"ಆರಿದ್ದು ಅಂದ್ರೆ ಕೆಟ್ಟಿದ್ದು ಅಂತಲೇ ಕಣಮ್ಮ. ಹಬೆ ಆಡ್ತಿರುವಾಗಲೇ ಸುರಿದುಬಿಡು."

ಮೂವತ್ತೊಂದು ವರ್ಷದ ಅನುಭವದ ಎದುರು ಮೂರು ದಿನದ ತರಬೇತಿ ಏನು ಮಾತಾಡೀತು? ಅವಳು ಸುರಿದಳು. ಮಾವ ತಟ್ಟೆಗಳನ್ನು ಕಲ್ಲಿನ ಕಟ್ಟೆಯ ಮೇಲೆ ಬಿಡಿಬಿಡಿಯಾಗಿ ಜೋಡಿಸಿ, ಬೇಗ ಗಟ್ಟಿಯಾಗಲಿ ಎಂದು ಫ್ಯಾನ್ ಹಾಕಿದರು.

ಮೂರನೆಯ ಸಲ ಹಾಳಾದ ಆ ದಿನ ನಾನು ಅಳತೆ ತೆಗೆಯುವುದನ್ನು ಮರೆತು ಮೇಲಿನ ಕೋಣೆಗೆ ಹೋದೆ. ಚೀಲಗಳೆಲ್ಲ ಬರಿದಾಗಿ ಕಂದಿದ್ದವು. ಒಂದೇ ಒಂದು ಚೀಲದ ಪಕ್ಕದಲ್ಲಿ, ಸೀಳಿದ ಜಾಗದಲ್ಲಿ, ಗುಂಡುಸೂಜಿ ತಲೆಯಷ್ಟು ಸಣ್ಣ ಮೊಗ್ಗುಗಳ ಒಂದು ಗೊಂಚಲು ಮೂಡಿತ್ತು. ಅದು ಅರಳಲು ನಾಲ್ಕೈದು ದಿನ ಬೇಕು. ಅದಾದ ಮೇಲೆ ಚೀಲದಲ್ಲಿ ಕಸುವಿಲ್ಲ, ಇದೇ ಕೊನೆ ಅಂದಳು ಅವಳು. ನನ್ನ ತಂಗಿಯನ್ನು ಕರೆಸುತ್ತೇನೆ ಎಂದು ನಾನು ಅಲ್ಲೇ ಮಾತು ಕೊಟ್ಟೆ.

ನನ್ನ ತಂಗಿ ಹಾಲಿನ ಡೈರಿಯ ಲ್ಯಾಬಿನಲ್ಲಿದ್ದಾಳೆ. ಹಾಲಿನಲ್ಲಿ ಸೂಕ್ಷ್ಮಜೀವಿ ಎಷ್ಟಿದೆ ಎಂದು ಪರೀಕ್ಷಿಸಲು ದಿನವೂ ರಾಶಿ ರಾಶಿ ಇಂಥದೇ ತಟ್ಟೆಗಳಿಗೆ ಅಗರ್ ಸುರಿಯುವುದು ಅವಳ ಕೆಲಸ. ಮಾತು ಕಡಿಮೆ. ಅವಳ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸಿದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಅವಳು ಬರುವ ಸುದ್ದಿ ಕೇಳಿ ಆವಿ ಮಾವ ಮುಖ ಗಂಟಿಕ್ಕಿದರು. ಹಾಲು ನೋಡುವವರಿಗೆ ಅಣಬೆಯ ವಿಷಯ ಏನು ಗೊತ್ತು, ನಮ್ಮ ಕಡೆಯಿಂದ ಏನೂ ತಪ್ಪಿಲ್ಲ, ತಟ್ಟೆಯ ಗಾಜೇ ಸರಿಯಿಲ್ಲ ಎಂಬುದು ಅವರ ವಾದ. ಬರಲಿ, ಬಂದು ನೋಡಿ ಹೋಗಲಿ ಎಂದರು, ಕಳ್ಳನನ್ನು ಹಿಡಿಯಲು ಬಂದ ಪೊಲೀಸರಿಗೆ ಮನೆ ತೋರಿಸುವ ಧಾಟಿಯಲ್ಲಿ.

ರಜೆಯ ದಿನ ಬೆಳಿಗ್ಗೆ ತಂಗಿ ಬಂದಳು. ಕೈ ತೊಳೆದು ಕಟ್ಟೆಯ ಮುಂದೆ ನಿಂತು, ಹಾಳಾದ ತಟ್ಟೆಯೊಂದನ್ನು ಮುಚ್ಚಳ ತೆಗೆಯದೆ ಎತ್ತಿ ಬೆಳಕಿಗೆ ಹಿಡಿದಳು. ಕೆಳಗಿನಿಂದ ನೋಡಿದಳು, ಮೇಲಿನಿಂದ ನೋಡಿದಳು. ಹಾಗೆಯೇ ನಾಲ್ಕೈದು ನೋಡಿದ ಮೇಲೆ ಸೊಸೆಯನ್ನು ಹತ್ತಿರ ಕರೆದಳು.

"ಈ ಲೋಳೆ ನೋಡು. ಹನಿ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಲ್ಲೇ ಇದೆ. ಒಂದು ಮೂಲೆಯಲ್ಲಿ ಇದ್ದ ಸ್ವಲ್ಪ ಕೊಳೆನ ನೀರು ಇಡೀ ತಟ್ಟೆಗೆ ಹಂಚಿಬಿಟ್ಟಿದೆ."

ಹನಿ ಬರುವುದು ಯಾಕೆ ಎಂದು ಸೊಸೆ ಕೇಳಿದಳು. ತಂಗಿ ವಿವರಿಸಿದಳು. ಸುಡುಸುಡು ಅಗರ್ ತಟ್ಟೆಗೆ ಬಿದ್ದರೆ ಅದರಿಂದ ಹಬೆ ಏಳುತ್ತದೆ. ಮೇಲಿನ ಮುಚ್ಚಳ ತಣ್ಣಗಿರುತ್ತದೆ. ಹಬೆ ಹೋಗಿ ತಣ್ಣನೆಯ ಮುಚ್ಚಳಕ್ಕೆ ತಾಗಿದರೆ ನೀರಾಗುತ್ತದೆ. ಅಡುಗೆ ಪಾತ್ರೆಯ ಮುಚ್ಚಳ ಎತ್ತಿದಾಗ ನೀರು ಸುರಿಯುವುದಿಲ್ಲವೇ, ಅದೇ. ಒಳಗೆ ಬಿಸಿ ಹೆಚ್ಚಿದಷ್ಟೂ ಹನಿ ಹೆಚ್ಚು, ಮುಚ್ಚಳ ತಣ್ಣಗಾದಷ್ಟೂ ಹನಿ ಹೆಚ್ಚು. ಹನಿ ಅಣಬೆಯ ಎಳೆಯ ಮೇಲೆ ಬಿದ್ದರೆ ಅದಕ್ಕೆ ಉಸಿರುಕಟ್ಟುತ್ತದೆ, ಕೊಳೆಸುವ ಜೀವಿಗಳಿಗೆ ಮಾತ್ರ ಈಜಾಡಲು ಕೆರೆ ಸಿಕ್ಕಂತೆ.

ಮಾವ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

ತಂಗಿ ಮತ್ತೊಂದು ತಟ್ಟೆ ಎತ್ತಿದಳು. ಅದರ ತುಂಬ ಸಾಸಿವೆ ಎರಚಿದ ಹಾಗೆ ಹಸಿರು ಚುಕ್ಕೆ.

"ಇದು ಹನಿಯಿಂದ ಮಾತ್ರ ಆಗಿದ್ದಲ್ಲ" ಅಂದಳು. "ಮುಚ್ಚಿಟ್ಟ ತಟ್ಟೆಗೆ ಇಷ್ಟೊಂದು ಬೂಷ್ಟು ಬರಲ್ಲ. ಯಾರೋ ಇದನ್ನ ತೆಗೀತಿದಾರೆ."

ಸೊಸೆ ಇಲ್ಲವೇ ಇಲ್ಲ ಎಂದಳು. ಗಂಡ ಈ ಕಡೆ ತಲೆ ಹಾಕುವುದಿಲ್ಲ, ತಾನಂತೂ ಮುಟ್ಟಿಲ್ಲ ಎಂದಳು. ಆಗ ಬಾಗಿಲ ಕಡೆಯಿಂದ ಮಾವನ ದನಿ ಬಂತು.

"ಯಾರೋ ಯಾಕೆ, ನಾನೇ. ದಿನಾ ಬೆಳಿಗ್ಗೆ ನೀವೆಲ್ಲ ಏಳೋಕೆ ಮುಂಚೆ ಒಂದೊಂದೇ ಮುಚ್ಚಳ ತೆಗೆದು ನೀರು ಒರೆಸಿ ಇಡ್ತೀನಿ. ಯಾವುದೋ ಬಟ್ಟೆಯಲ್ಲಿ ಅಲ್ಲ, ಕುದಿಸಿದ ಬಟ್ಟೆಯಲ್ಲಿ."

ಅವರು ಅದನ್ನು ಹೇಳಿದ್ದು ಎದೆಯುಬ್ಬಿಸಿ. ಮೂರು ವಾರದಿಂದ ಯಾರಿಗೂ ಹೇಳದೆ ಮಾಡಿದ ಸೇವೆ ಕೊನೆಗೂ ಬೆಳಕಿಗೆ ಬಂತು ಎಂಬ ಖುಷಿ ಅವರ ಮುಖದಲ್ಲಿತ್ತು. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆ ಖುಷಿ ಒಂದೊಂದೇ ಗೆರೆಯಾಗಿ ಇಳಿದುಹೋಗುವುದನ್ನು ನಾನು ನೋಡಿದೆ. ನನಗೆ ತಡೆಯಲಾಗದೆ ನೆಲ ನೋಡಿದೆ.

"ಮಾವ, ನೀವು ನನಗೆ ಹೇಳಲೇ ಇಲ್ಲ" ಅಂದಳು ಸೊಸೆ. ದನಿ ಏರಲಿಲ್ಲ.

"ನೀನು ಸುಸ್ತಾಗಿರ್ತೀಯಲ್ಲಮ್ಮ. ಆ ತಣ್ಣನೆ ಕೋಣೆಗೆ ನೀನು ಮತ್ತೆ ಹೋಗೋ ಹಾಗೆ ಆಗಬಾರದು ಅಂತ ತಾನೇ ನಾನು" ಎಂದವರು ಮಾತು ಮುಗಿಸದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು.

ಸೊಸೆಯ ಕಣ್ಣು ತುಂಬಿದ್ದು ಆಗ. ತಟ್ಟೆ ಹಾಳಾದಾಗ ಬಾರದ ನೀರು ಈಗ ಬಂತು. ಇವರ ಮೇಲೆ ನಾನು ಹೇಗೆ ಸಿಟ್ಟು ಮಾಡಲಿ ಎಂದು ನನ್ನನ್ನು ಕೇಳಿದಳು. ಸಿಟ್ಟು ಬಂದಿರಲಿಲ್ಲ ಎಂದಲ್ಲ, ಬಂದಿತ್ತು. ಮೂರು ಸಲದ ಶ್ರಮ, ಒಂದಿಷ್ಟು ಒಳ್ಳೆಯ ಅಣಬೆ, ಮೂರು ವಾರ ಎಲ್ಲ ಆ ಕುದಿಸಿದ ಬಟ್ಟೆಯಲ್ಲಿ ಒರೆಸಿ ಹೋಗಿತ್ತು.

ತಂಗಿ ಮಾತ್ರ ಹೊರಗೆ ಹೋಗಿ ಮಾವನ ಪಕ್ಕದ ಮೆಟ್ಟಿಲಲ್ಲಿ ಕುಳಿತಳು. ನಾನೂ ಹಿಂದೆಯೇ ಹೋದೆ, ಕೇಳಬೇಡವೇ. ಅವಳು ಬುದ್ಧಿ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಆಸ್ಪತ್ರೆಯ ಕೆಲಸದ ಬಗ್ಗೆ ಕೇಳಿದಳು. ಯಂತ್ರ ಎಷ್ಟು ದೊಡ್ಡದಿತ್ತು, ದಿನಕ್ಕೆ ಎಷ್ಟು ಸಲ ತುಂಬುತ್ತಿದ್ದಿರಿ ಎಂದೆಲ್ಲ. ಮಾವ ಮೊದಲು ಒಂದೊಂದೇ ಪದ ಹೇಳಿದರು, ಆಮೇಲೆ ಸರಾಗವಾಗಿ ಹೇಳತೊಡಗಿದರು. ಆಪರೇಷನ್ನಿಗೆ ಬೇಕಾದ ಬಟ್ಟೆಗಳನ್ನು ಗಂಟು ಕಟ್ಟಿ ಆವಿಯ ಯಂತ್ರಕ್ಕೆ ಹಾಕುತ್ತಿದ್ದುದು, ಗಂಟು ಕಟ್ಟುವುದರಲ್ಲಿ ತಮ್ಮ ಸಮ ಯಾರೂ ಇರಲಿಲ್ಲ ಎನ್ನುವುದು, ಎಲ್ಲ ಬಂತು.

"ಒಂದೊಂದು ಸಲ ಗಂಟು ಒದ್ದೆಯಾಗಿ ಬರ್ತಿತ್ತಾ ಮಾವ?"

"ಬರ್ತಿತ್ತು. ಯಂತ್ರದೊಳಗೆ ಪೂರ್ತಿ ಒಣಗೋಕೆ ಬಿಡದೆ ಅವಸರ ಮಾಡಿದ್ರೆ ಒದ್ದೆ."

"ಆಗ ಏನ್ ಮಾಡ್ತಿದ್ರಿ?"

"ಇನ್ನೇನು, ವಾಪಸ್. ಎಷ್ಟೇ ಆವಿಯಲ್ಲಿ ಬೇಯಿಸಿದ್ರೂ ಒದ್ದೆ ಗಂಟನ್ನ ನಾನು ಒಳಗೆ ಕಳಿಸ್ತಿರಲಿಲ್ಲ. ಒದ್ದೆ ಬಟ್ಟೆ ಹೊರಗಿನ ಕೊಳೆನ ಒಳಗೆ ಎಳ್ಕೊಳ್ಳುತ್ತೆ. ದೊಡ್ಡ ಡಾಕ್ಟರೇ ಬಂದು ಕೇಳಿದ್ರೂ ಕೊಡ್ತಿರಲಿಲ್ಲ."

ಅಷ್ಟು ಹೇಳಿ ಮಾವ ಮೆಟ್ಟಿಲನ್ನೇ ನೋಡತೊಡಗಿದರು. ತಂಗಿಯ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಹತ್ತು ಮಾತು ಆಡಿ ಕೆಲಸ ಕೆಡಿಸುತ್ತಿದ್ದೆ. ಕೊನೆಗೆ ಮಾವ ತಾವೇ ಕೇಳಿದರು.

"ಹಾಗಾದ್ರೆ ಈ ತಟ್ಟೆಗಳೂ ಒದ್ದೆ ಗಂಟೇ ಅಂತೀಯಾ?"

ಹೌದು ಮಾವ, ಅಂದಳು ತಂಗಿ. ನಿಮ್ಮ ಬಟ್ಟೆ ಶುದ್ಧ, ನಿಮ್ಮ ಕೈಯೂ ಶುದ್ಧ, ಆದರೆ ಅಡುಗೆಮನೆಯ ಗಾಳಿ ಶುದ್ಧವಲ್ಲ; ಮುಚ್ಚಳ ಎತ್ತಿದ ಒಂದು ಗಳಿಗೆ ಸಾಕು, ಗಾಳಿಯಲ್ಲಿರುವ ಬೂಷ್ಟಿನ ಕಣ ಒಳಗೆ ಇಳಿಯುತ್ತದೆ ಎಂದು ತಿಳಿಸಿದಳು. ಮಾವ ಸುಲಭಕ್ಕೆ ಬಗ್ಗುವವರಲ್ಲ. ಬಾಟಲಿ ಆರಲು ಬಿಟ್ಟರೆ ಅದಕ್ಕೂ ಕೊಳೆ ಸೇರುವುದಿಲ್ಲವೇ ಎಂದು ಪಟ್ಟು ಹಿಡಿದರು. ಕೊಲ್ಲುವ ಕೆಲಸ ಕುಕ್ಕರಿನೊಳಗೇ ಮುಗಿದುಹೋಗಿರುತ್ತದೆ, ಆಮೇಲೆ ಅದನ್ನು ಕಾಪಾಡುವುದು ಬಿಸಿಯಲ್ಲ, ಬಾಟಲಿಯ ಮುಚ್ಚಳ ಎಂದಳು ಅವಳು. ಮುಚ್ಚಿದ ಬಾಟಲಿ ಆರುವಾಗ ಒಳಗೆ ಹೊಸದಾಗಿ ಯಾವುದೂ ಹುಟ್ಟುವುದಿಲ್ಲ.

"ತೋರಿಸು" ಅಂದರು ಮಾವ. "ಕಣ್ಣಲ್ಲಿ ನೋಡದೆ ನಾನು ಒಪ್ಪಲ್ಲ."

ಅದೇ ಮಧ್ಯಾಹ್ನ ತೋರಿಸಿದಳು. ಅಣಬೆಯ ಚೂರನ್ನು ಇಡದೆ, ಬರೀ ಅಗರ್ ಬೇಯಿಸಿ, ಕುಕ್ಕರಿನಿಂದ ತೆಗೆದ ಕೂಡಲೇ ನಾಲ್ಕು ತಟ್ಟೆಗೆ ಮಾವನ ಕ್ರಮದಲ್ಲಿ ಸುರಿಸಿದಳು. ಉಳಿದ ಬಾಟಲಿಯನ್ನು ಮುಚ್ಚಿದ ಹಾಗೆಯೇ ಪಕ್ಕಕ್ಕಿಟ್ಟಳು. ಮುಕ್ಕಾಲು ಗಂಟೆ ಕಾದೆವು. ಮಾವ ಆ ಬಾಟಲಿಯ ಸುತ್ತ ಹಾಲುಣ್ಣುವ ಕೂಸಿನ ತೊಟ್ಟಿಲು ಕಾಯುವವರ ಹಾಗೆ ಸುತ್ತಿದರು. ತಂಗಿ ಆಗಾಗ ಬಾಟಲಿಯನ್ನು ಬರಿಗೈಯಲ್ಲಿ ಹಿಡಿದು ನೋಡುತ್ತಿದ್ದಳು. ಹತ್ತು ಎಣಿಸುವವರೆಗೆ ಕೈ ಚುರುಗುಟ್ಟದೆ ಹಿಡಿಯಲು ಆದಾಗ ಸರಿಯಾದ ಹದ ಎಂದಳು. ಅದಕ್ಕಿಂತ ಆರಿದರೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಗಂಟುಗಂಟಾಗುತ್ತದೆ. ನಡುವೆ ಬೇರೆ ಕೆಲಸ ಬಂದರೆ, ಬಾಟಲಿಯನ್ನು ಅದೇ ಹದದ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಿದ್ದರೆ ಸಾಕು.

ಆಮೇಲೆ ಇನ್ನು ನಾಲ್ಕು ತಟ್ಟೆಗೆ ಸುರಿದಳು. ಸುರಿದಿದ್ದು ತಟ್ಟೆಗಳನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬದೊಳಗಿಟ್ಟು. ಡಬ್ಬವನ್ನು ಮಗುಚಿ, ಪಕ್ಕದಲ್ಲಿ ಕೈ ಹೋಗುವಷ್ಟು ಎರಡು ತೂತು ಮಾಡಿ ಸೊಸೆ ಮೊದಲೇ ತಯಾರಿಸಿಕೊಂಡಿದ್ದಳು, ಗಾಳಿ ಆಡದಿರಲಿ ಎಂದು. ತಟ್ಟೆಯ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಕೂಡಲೇ ಮುಚ್ಚಿ, ಒಂದರ ಮೇಲೊಂದು ಪೇರಿಸಿದಳು. ಮೇಲಿನ ತಟ್ಟೆಯ ಬಿಸಿ ಕೆಳಗಿನದರ ಮುಚ್ಚಳವನ್ನು ಬೆಚ್ಚಗಿಡುತ್ತದೆ, ಮುಚ್ಚಳ ಬೆಚ್ಚಗಿದ್ದರೆ ಹಬೆ ಅಲ್ಲಿ ನೀರಾಗುವುದಿಲ್ಲ. ಎಲ್ಲಕ್ಕಿಂತ ಮೇಲಿನದಕ್ಕೆ ಯಾರು ದಿಕ್ಕು ಎಂದು ನಾನು ಕೇಳಿದೆ. ಅದರ ಮೇಲೆ ಬಿಸಿನೀರು ತುಂಬಿದ ಒಂದು ಲೋಟ ಇಟ್ಟಳು. ಇಡೀ ಪೇರಿಗೆ ದಪ್ಪ ಟವಲು ಹೊದಿಸಿ, ಫ್ಯಾನ್ ಆರಿಸಿ, ನಿಧಾನಕ್ಕೆ ಆರಲು ಬಿಟ್ಟಳು.

ಎರಡು ಗಂಟೆಯ ಮೇಲೆ ಟವಲು ತೆಗೆದಾಗ ಮಾವ ಕನ್ನಡಕ ಹಾಕಿಕೊಂಡು ಬಂದರು. ಅವರ ನಾಲ್ಕು ತಟ್ಟೆಗಳ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಿತ್ತು. ತಂಗಿಯ ನಾಲ್ಕರಲ್ಲಿ ಮೂರು ಒಣಗಿದ ಗಾಜಿನಂತೆ ತಿಳಿಯಾಗಿದ್ದವು, ಮೇಲಿನದರ ಅಂಚಿನಲ್ಲಿ ಮಾತ್ರ ತೆಳ್ಳಗೆ ಮಂಜು. ಮಾವ ತಮ್ಮದೊಂದು, ಅವಳದೊಂದು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಮುಚ್ಚಳ ತೆಗೆಯಲಿಲ್ಲ. ಆ ಮಂಜನ್ನು ಏನು ಮಾಡುವುದು ಎಂದು ತಂಗಿಯನ್ನು ಕೇಳಿದರು.

"ಏನೂ ಮಾಡಬಾರದು ಮಾವ. ಗಟ್ಟಿಯಾದ ಮೇಲೆ ತಟ್ಟೆನ ಮಗುಚಿಡಿ, ಅಗರ್ ಮೇಲೆ ಬರಲಿ, ಮುಚ್ಚಳ ಕೆಳಗೆ. ಆಗ ಹನಿ ಇದ್ರೂ ಮುಚ್ಚಳದಲ್ಲೇ ಇರುತ್ತೆ, ಅಣಬೆ ಮೇಲೆ ಬೀಳಲ್ಲ. ಎರಡು ದಿನದಲ್ಲಿ ತಾನಾಗೇ ಆರುತ್ತೆ."

ಏನೂ ಮಾಡದೆ ಇರುವುದು ಮಾವನಿಗೆ ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತಿತ್ತು. ಅವರು ಹೋಗಿ ಆ ಕುದಿಸಿದ ಬಟ್ಟೆಯನ್ನು ತಂದು ಸೊಸೆಯ ಕೈಗೆ ಕೊಟ್ಟರು, ಇದನ್ನು ನೀನೇ ಎಲ್ಲಾದರೂ ಇಟ್ಟುಬಿಡು ಎಂದು.

ಎರಡು ದಿನದ ನಂತರ ಸೊಸೆ ಹೊಸ ಅಗರ್ ಬೇಯಿಸಿದಳು. ಈ ಸಲ ಬಾಟಲಿ ಹಿಡಿದು ಎಣಿಸಿದ್ದು ಮಾವ. ಹತ್ತಕ್ಕೆ ಬದಲು ಹದಿನೈದು ಎಣಿಸಿದರು. ತಟ್ಟೆಗಳು ಪೂರ್ತಿ ತಣ್ಣಗಾಗುವವರೆಗೆ ಅಂಚಿಗೆ ಟೇಪು ಸುತ್ತಗೊಡಲಿಲ್ಲ, ಬೆಚ್ಚಗಿರುವಾಗ ಸುತ್ತಿದರೆ ಹಬೆ ಒಳಗೇ ಸಿಕ್ಕಿಕೊಳ್ಳುತ್ತದೆ ಎಂದು ತಂಗಿ ಹೇಳಿದ್ದಳು. ಕಿಟಕಿಯ ಬಿಸಿಲು, ಒಲೆಯ ಕಾವು, ಫ್ರಿಜ್ಜಿನ ಹಿಂಭಾಗದ ಬಿಸಿ ಯಾವುದೂ ತಾಗದ ಒಳಕೋಣೆಯ ಕಪಾಟನ್ನು ತಮ್ಮ ಬಟ್ಟೆ ತೆಗೆದು ಖಾಲಿ ಮಾಡಿಕೊಟ್ಟರು. ಹಗಲು ಬಿಸಿ, ಸಂಜೆ ತಂಪು ಎಂದು ಏರಿಳಿತವಾದರೂ ತಟ್ಟೆ ಬೆವರುತ್ತದೆ, ಒಂದೇ ಹದ ಬೇಕು.

ಎರಡು ದಿನ ಖಾಲಿ ತಟ್ಟೆಗಳನ್ನು ನೋಡಿದರು. ಶುದ್ಧವಾಗಿಯೇ ಇದ್ದವು. ಆ ಹೊತ್ತಿಗೆ ಕೊನೆಯ ಗೊಂಚಲು ಅರಳಿತ್ತು. ಸೊಸೆ ಅದರಲ್ಲಿ ದಪ್ಪನೆಯ ಅಣಬೆಯೊಂದನ್ನು ಸೀಳಿ, ಹೊರಗಾಳಿ ಮುಟ್ಟದ ಒಳತಿರುಳಿನಿಂದ ಹನ್ನೆರಡು ಚೂರು ತೆಗೆದು ಹನ್ನೆರಡು ತಟ್ಟೆಗೆ ಇಟ್ಟಳು. ಚೂರುಗಳು ಅಗರಿಗೆ ಕಚ್ಚಿಕೊಳ್ಳಲಿ ಎಂದು ಒಂದು ದಿನ ನೆಟ್ಟಗೆ ಇಟ್ಟು, ಮರುದಿನ ಎಲ್ಲವನ್ನೂ ಮಗುಚಿಟ್ಟಳು.

ಮುಂದಿನ ಆರು ದಿನ ನಾನು ಹೊಲಿದ ಬಟ್ಟೆಗಳಲ್ಲಿ ಎಷ್ಟು ಸೊಟ್ಟ ಹೊಲಿಗೆ ಬಿತ್ತೋ ಲೆಕ್ಕವಿಲ್ಲ. ಕಣ್ಣೆಲ್ಲ ಎದುರುಮನೆಯ ಕಡೆ. ಮಾವ ಬೆಳಿಗ್ಗೆ ಏಳುತ್ತಿದ್ದರು, ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು ಎಂದು ಸೊಸೆ ನಗುತ್ತ ಹೇಳಿದಳು. ನಗು ಬಂತಲ್ಲ, ಅದೇ ನನಗೆ ದೊಡ್ಡದು.

ಏಳನೆಯ ದಿನ ಅವಳು ಓಣಿ ದಾಟಿ ಓಡಿ ಬಂದು ನನ್ನ ಮೆಷಿನ್ನಿನ ಮೇಲೆ ಒಂದು ತಟ್ಟೆ ಇಟ್ಟಳು. ಮುಚ್ಚಳದಲ್ಲಿ ಒಂದು ಹನಿಯೂ ಇರಲಿಲ್ಲ. ನಡುವಿನ ಚೂರಿನಿಂದ ಸುತ್ತಲೂ ಹತ್ತಿಯಷ್ಟು ಬಿಳಿ ಎಳೆ ಹೊರಟಿತ್ತು. ಹನ್ನೆರಡರಲ್ಲಿ ಒಂದು ಕೆಟ್ಟಿತ್ತು, ಹನ್ನೊಂದು ಹೀಗೇ ಇದ್ದವು. ಕಾರ್ಖಾನೆಗೆ ಬರುವುದಿಲ್ಲ ಎಂದು ಆಗಲೇ ಹೇಳಿ ಬಂದೆ ಅಂದಳು. ಅವಳ ಹನ್ನೊಂದು ತಟ್ಟೆಯಿಂದ ಬೀಜವಾಗಿ, ಆ ಬೀಜ ಆರು ಮನೆಗೆ ಹಂಚಿಹೋಗಿ, ಈಗ ಅವಳದೂ ಸೇರಿ ನಮ್ಮ ಓಣಿಯ ಏಳು ಮೇಲಿನ ಕೋಣೆಗಳಲ್ಲಿ ಚೀಲ ತೂಗುತ್ತಿವೆ.

ಬೀಜ ಹಂಚಿದ ದಿನ ಸಂಘದ ಸಭೆಯಲ್ಲಿ ಎಲ್ಲರೂ ಸೊಸೆಯನ್ನು ಹೊಗಳಿದರು. ಆವಿ ಮಾವ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಯಾರೂ ಕೇಳದಿದ್ದರೂ ಎದ್ದು ನಿಂತರು.

"ಇವಳ ಮೂರು ಸಲದ ತಟ್ಟೆ ಹಾಳು ಮಾಡಿದ್ದು ನಾನು. ಒಳ್ಳೇದಾಗಲಿ ಅಂತಲೇ ಮಾಡಿದ್ದು, ಆದ್ರೂ ಹಾಳಾಗಿದ್ದು ಹಾಳಾಯ್ತು. ನಿಮ್ಮ ಮನೆಯಲ್ಲೂ ನನ್ನಂಥವರು ಇರ್ತಾರೆ. ಅವರನ್ನ ಬೈಬೇಡಿ, ತೋರಿಸಿ."

ಸೊಸೆ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಾವಂದಿರೇ, ನಿಮ್ಮ ತಟ್ಟೆ ಬೆವರಿದರೆ ಗಾಜನ್ನು ಬೈಯಬೇಡಿ, ಹಣೆಬರಹವನ್ನೂ ಬೈಯಬೇಡಿ. ಅಗರನ್ನು ಕೈ ತಡೆಯುವಷ್ಟು ಆರಿಸಿ ಸುರಿಯಿರಿ. ಪೇರಿಸಿಡಿ, ಹೊದಿಸಿಡಿ, ನಿಧಾನಕ್ಕೆ ಆರಲಿ. ಗಟ್ಟಿಯಾದ ಮೇಲೆ ಮಗುಚಿಡಿ. ಹನಿ ಕಂಡರೆ ಕೈ ಎಷ್ಟೇ ತುರಿಸಿದರೂ ಮುಚ್ಚಳ ತೆಗೆಯಬೇಡಿ. ಒಳ್ಳೆಯ ತಳಿ ನಿಮ್ಮ ಮನೆಯಲ್ಲಿದ್ದರೆ ಕೊನೆಯ ಚೀಲದವರೆಗೆ ಕಾಯದೆ ಈಗಲೇ ಒಂದೆರಡು ತಟ್ಟೆ ಮಾಡಿಡಿ, ಪಕ್ಕದವರಿಗೂ ಕೊಡಿ. ಇವತ್ತೇ ನಿಮ್ಮ ಕುಕ್ಕರಿನಲ್ಲಿ ಬಾಟಲಿ ಬೇಯುತ್ತಿದ್ದರೆ, ಆವಿ ಇಳಿದ ಮೇಲೆ ಅದನ್ನು ಮುಚ್ಚಿದ ಹಾಗೆಯೇ ಹೊರಗಿಟ್ಟು, ಒಂದು ಲೋಟ ಚಹಾ ಮಾಡಿ ಕುಡಿಯಿರಿ. ಲೋಟ ತೊಳೆದಿಟ್ಟು ಬಂದು ಬಾಟಲಿ ಮುಟ್ಟಿ ನೋಡಿ. ಇನ್ನೂ ಸುಡುತ್ತಿದ್ದರೆ ಮತ್ತೊಂದು ಲೋಟ ಕುಡಿಯಿರಿ, ಆಮೇಲೆ ಸುರಿಯಿರಿ.